ಗೇಟಿನ ತಂತಿ ಕತ್ತರಿಸಿ, ಹಳೆಯ ಬೆಲ್ ಉಳಿಸಿಕೊಳ್ಳಿ

ಕರಾವಳಿಯ ಹಳೆಯ ಮನೆಗಳಲ್ಲಿ ಕಾಲಿಂಗ್ ಬೆಲ್ ಹಟ ಹಿಡಿಯುವುದು ಮಳೆಗಾಲದಲ್ಲಿ. ಮೊದಲ ಮಳೆಗಳನ್ನು ಅದು ಹೇಗೋ ತಾಳಿಕೊಳ್ಳುತ್ತದೆ. ಜುಲೈ–ಆಗಸ್ಟ್‌ನ ಆಟಿ ತಿಂಗಳು ಕಾಲಿಡುವ ಹೊತ್ತಿಗೆ ಗೇಟಿನ ಕಂಬದಲ್ಲಿರುವ ಗುಂಡಿಯನ್ನು ಎಷ್ಟು ಒತ್ತಿದರೂ ಒಳಗೆ ‘ಗುಂಯ್’ ಎಂಬ ಸಣ್ಣ ಸದ್ದು ಮಾತ್ರ. ಕೆಲವು ಮನೆಗಳಲ್ಲಿ ಇದರ ತದ್ವಿರುದ್ಧ: ಯಾರೂ ಒತ್ತದಿದ್ದರೂ ನಡುರಾತ್ರಿ ಬೆಲ್‌ನ ಹಕ್ಕಿ ಚಿಲಿಪಿಲಿಗುಟ್ಟಿ ಅಜ್ಜಿಯಂದಿರಿಗೆ ಕುಲೆಯ, ಅಂದರೆ ಪ್ರೇತದ, ನೆನಪು ತರಿಸುತ್ತದೆ. ಇನ್ನು ಕೆಲವೆಡೆ ಬೆಲ್ ತೆಪ್ಪಗಿರುತ್ತದೆ, ಆದರೆ ಜೋರು ಮಳೆ ಬಂದಾಗಲೆಲ್ಲ, ಕರೆಂಟು ಸೋರಿದರೆ ಲೈನ್ ಕಡಿಯುವ ಇಎಲ್‌ಸಿಬಿ ಬಿದ್ದು ಇಡೀ ಮನೆ ಕತ್ತಲಾಗುತ್ತದೆ.

ಮಂಗಳೂರಿನ ಹಂಪನಕಟ್ಟೆಯ ಅಂಗಡಿಗೆ ಹೋದರೂ ಉಡುಪಿಯ ರಥಬೀದಿಯ ಆಸುಪಾಸಿನಲ್ಲಿ ವಿಚಾರಿಸಿದರೂ ಸಿಗುವ ಸಲಹೆ ಸಾಮಾನ್ಯವಾಗಿ ಒಂದೇ: ಹಳೆಯದನ್ನು ಕಿತ್ತು ಹಾಕಿ, ವಯರ್‌ಲೆಸ್ ಬೆಲ್ ತೆಗೆದುಕೊಂಡು ಹೋಗಿ. ಸಲಹೆ ಕೆಟ್ಟದ್ದೇನಲ್ಲ, ಆದರೆ ರೋಗ ಎಲ್ಲಿದೆಯೆಂದು ನೋಡದೆ ಕೊಟ್ಟ ಮದ್ದು ಅದು. ಈ ಮೂರೂ ತೊಂದರೆಗಳಲ್ಲಿ ಒಳಗಿನ ಬೆಲ್ ಬಹುಪಾಲು ಗಟ್ಟಿಮುಟ್ಟಾಗಿಯೇ ಇರುತ್ತದೆ. ಕೆಟ್ಟಿರುವುದು ಮನೆಯ ಗೋಡೆಯಿಂದ ಹೊರಟು ಅಂಗಳದ ಮಣ್ಣಿನಡಿ ಗೇಟಿನವರೆಗೆ ಹೋಗುವ ತಂತಿ ಮತ್ತು ಅದರ ತುದಿಯ ಗುಂಡಿ. ಹಾಗಾಗಿ ವಯರ್‌ಲೆಸ್ ಮಾಡಬೇಕಾದದ್ದು ಆ ತುಂಡನ್ನು ಮಾತ್ರ. ಮನೆಯೊಳಗಿನ ಬೆಲ್, ಅದರ ಒಣ ತಂತಿ ಇವೆರಡನ್ನೂ ಇದ್ದ ಹಾಗೆಯೇ ಉಳಿಸಿಕೊಳ್ಳಬಹುದು. ಅದು ಹೇಗೆಂದು ತಿಳಿಯಲು ಮೊದಲು ಹಳೆಯ ವ್ಯವಸ್ಥೆಯ ಒಳಗನ್ನು ನೋಡಬೇಕು.

ಮುಚ್ಚಳದ ಒಳಗೆ

ಎಂಸಿಬಿ ಇಳಿಸಿ ಡಿಂಗ್‌ಡಾಂಗ್ ಬೆಲ್‌ನ ಮುಚ್ಚಳ ತೆಗೆದರೆ ಕಾಣುವ ಸಾಮಾನು ಬಹಳ ಕಡಿಮೆ. ತೆಳುವಾದ ತಾಮ್ರದ ತಂತಿ ಸುತ್ತಿದ ಒಂದು ಸುರುಳಿ, ಅದರ ಟೊಳ್ಳಿನಲ್ಲಿ ಆಚೀಚೆ ಸರಿದಾಡುವ ಕಬ್ಬಿಣದ ಕಡ್ಡಿ, ಕಡ್ಡಿಗೊಂದು ಸ್ಪ್ರಿಂಗ್, ಎರಡೂ ಬದಿಗೆ ಒಂದೊಂದು ಲೋಹದ ಪಟ್ಟಿ. ಗುಂಡಿ ಒತ್ತಿದಾಗ ಸುರುಳಿ ಅಯಸ್ಕಾಂತವಾಗಿ ಕಡ್ಡಿಯನ್ನು ಸೆಳೆಯುತ್ತದೆ, ಕಡ್ಡಿ ಒಂದು ಪಟ್ಟಿಗೆ ಬಡಿದು ‘ಡಿಂಗ್’ ಎನ್ನುತ್ತದೆ. ಬೆರಳು ತೆಗೆದಾಗ ಸ್ಪ್ರಿಂಗ್ ಅದನ್ನು ಹಿಂದಕ್ಕೆ ತಳ್ಳುತ್ತದೆ, ಇನ್ನೊಂದು ಪಟ್ಟಿಗೆ ಬಡಿದು ‘ಡಾಂಗ್’. ಅಂದರೆ ಎರಡನೆಯ ಸದ್ದು ಹುಟ್ಟುವುದು ಕರೆಂಟು ನಿಂತಾಗ. ಒತ್ತಿ ಹಿಡಿದೇ ಇದ್ದರೆ ‘ಡಾಂಗ್’ ಬರುವುದಿಲ್ಲ, ಸುರುಳಿ ಬಿಸಿಯಾಗುತ್ತಾ ಹೋಗುತ್ತದೆ. ಇದನ್ನು ಮಾಡಿರುವುದು ಕ್ಷಣಕಾಲದ ಕೆಲಸಕ್ಕೆ. ನಿಮಿಷಗಟ್ಟಲೆ ಕರೆಂಟು ಹರಿದರೆ ಪ್ಲಾಸ್ಟಿಕ್ ಕರಗಿದ ವಾಸನೆ ಬಂದೀತು. ಈ ಅಂಶ ಮುಂದೆ ಬಹಳ ಮುಖ್ಯವಾಗುತ್ತದೆ.

ಅಮೆರಿಕ, ಇಂಗ್ಲೆಂಡ್‌ಗಳ ಮನೆಗಳಲ್ಲಿ ಬೆಲ್‌ಗೆಂದೇ ಒಂದು ಸಣ್ಣ ಟ್ರಾನ್ಸ್‌ಫಾರ್ಮರ್ ಇಟ್ಟು ಎಂಟೋ ಹದಿನಾರೋ ವೋಲ್ಟ್‌ಗೆ ಇಳಿಸಿರುತ್ತಾರೆ. ಗೇಟಿನ ಗುಂಡಿಯ ತಂತಿ ಬರಿಗೈಗೆ ತಾಗಿದರೂ ಅಲ್ಲಿ ದೊಡ್ಡ ಅಪಾಯವಿಲ್ಲ. ನಮ್ಮಲ್ಲಿ ಅಂಥ ಉಪಚಾರವಿಲ್ಲ. ಸಾಮಾನ್ಯ ಮನೆಯ ಬೆಲ್ ನೇರವಾಗಿ 230 ವೋಲ್ಟ್‌ನಲ್ಲಿ ಓಡುತ್ತದೆ, ಗೇಟಿನ ಗುಂಡಿಗೂ ಅದೇ 230 ವೋಲ್ಟ್ ಹೋಗುತ್ತದೆ. ಸ್ವಿಚ್ ಬೋರ್ಡಿನಿಂದ ಫೇಸ್ ತಂತಿ ಗೇಟಿನವರೆಗೆ ಹೋಗಿ, ಗುಂಡಿಯನ್ನು ಹಾದು, ಇನ್ನೊಂದು ತಂತಿಯಾಗಿ ಹಿಂದಿರುಗಿ ಬೆಲ್ ಸೇರುತ್ತದೆ. ಬೆಲ್‌ನ ಇನ್ನೊಂದು ಕಾಲಿಗೆ ನ್ಯೂಟ್ರಲ್ ನೇರವಾಗಿ ಬೋರ್ಡಿನಿಂದ ಬರುತ್ತದೆ. ಈ ಮೂರು ತಂತಿಗಳ ಚಿತ್ರ ತಲೆಯಲ್ಲಿ ಕೂತರೆ ಉಳಿದದ್ದೆಲ್ಲ ಸುಲಭ: ಹೋಗುವ ಫೇಸ್, ಹಿಂದಿರುಗುವ ತಂತಿ, ಎಲ್ಲಿಗೂ ಸುತ್ತಾಡದ ನ್ಯೂಟ್ರಲ್.

ಕೆಲವು ಹಳೆಯ ಮನೆಗಳಲ್ಲಿ ವಯರ್‌ಮನ್ ತಲೆಕೆಳಗು ಮಾಡಿ ನ್ಯೂಟ್ರಲನ್ನು ಗೇಟಿಗೆ ಕಳಿಸಿರುವುದೂ ಉಂಟು. ಹಾಗಿದ್ದರೆ ಗೇಟು ಸುರಕ್ಷಿತ ಎಂದುಕೊಳ್ಳಬೇಡಿ. ಬೆಲ್‌ನ ಸುರುಳಿಯ ಮೂಲಕ ಹಾದುಬಂದ ಫೇಸ್ ಹಿಂದಿರುಗುವ ತಂತಿಯಲ್ಲಿ ಗುಂಡಿಯವರೆಗೂ ಬಂದು ಕಾಯುತ್ತಿರುತ್ತದೆ. ಬಣ್ಣವನ್ನೂ ನಂಬುವಂತಿಲ್ಲ. ಕೆಂಪು ಫೇಸ್, ಕಪ್ಪು ನ್ಯೂಟ್ರಲ್ ಎಂಬುದು ಪುಸ್ತಕದ ಮಾತು. ಮರದ ಪಟ್ಟಿಯ ಕಾಲದ ವಯರಿಂಗ್‌ನಲ್ಲಿ ಆ ದಿನ ಕೈಗೆ ಸಿಕ್ಕ ರೋಲೇ ಬಣ್ಣವನ್ನು ತೀರ್ಮಾನಿಸಿರುತ್ತದೆ.

ಮಳೆ ಮಾಡುವ ಕೆಲಸ

ಮಂಗಳೂರಿನಲ್ಲಿ ವರ್ಷಕ್ಕೆ ಬೀಳುವ ಮಳೆ 3,500 ಮಿಲಿಮೀಟರ್‌ಗೂ ಹೆಚ್ಚು, ಅದರಲ್ಲಿ ಸಿಂಹಪಾಲು ಮಳೆಗಾಲದ ನಾಲ್ಕೇ ತಿಂಗಳಲ್ಲಿ. ಗೇಟಿನ ಕಂಬ ಕೆಂಪುಕಲ್ಲಿನದು, ಅಂದರೆ ಮುರಕಲ್ಲು. ತೂತುತೂತಾದ ಕಲ್ಲು. ಗಾರೆ ಬಿರುಕು ಬಿಟ್ಟಲ್ಲಿ ನೀರು ಹೀರಿಕೊಂಡು ವಾರಗಟ್ಟಲೆ ಹಿಡಿದಿಟ್ಟುಕೊಳ್ಳುತ್ತದೆ. ಕಂಬದೊಳಗೆ ಹುದುಗಿಸಿದ ಬಾಕ್ಸ್ ತೆರೆದರೆ ಕಾಣುವ ದೃಶ್ಯ ಇಲ್ಲಿನ ಇಲೆಕ್ಟ್ರೀಷಿಯನ್‌ಗಳಿಗೆಲ್ಲ ಪರಿಚಿತ. ಹಿತ್ತಾಳೆಯ ಸ್ಕ್ರೂ ತಲೆ ಹಸಿರುಗಟ್ಟಿದೆ, ತಾಮ್ರದ ತುದಿ ಕಪ್ಪಾಗಿ ಪುಡಿಯಾಗುತ್ತಿದೆ, ಮೂಲೆಯಲ್ಲಿ ಇರುವೆಗಳು ಕೆಂಪು ಮಣ್ಣು ತಂದು ಗೂಡು ಕಟ್ಟಿವೆ, ಆ ಮಣ್ಣು ಒದ್ದೆಯಾಗಿ ಎರಡು ಟರ್ಮಿನಲ್‌ಗಳ ನಡುವೆ ಸೇತುವೆಯಾಗಿದೆ. ಮಲ್ಪೆ, ಉಳ್ಳಾಲ, ಸುರತ್ಕಲ್‌ನಂಥ ಕಡಲ ಪಕ್ಕದ ಊರುಗಳಲ್ಲಿ ಉಪ್ಪುಗಾಳಿ ಈ ಕೆಲಸವನ್ನು ಇನ್ನೂ ಬೇಗ ಮುಗಿಸುತ್ತದೆ.

ಈಗ ಮೊದಲು ಹೇಳಿದ ಮೂರು ಲಕ್ಷಣಗಳು ತಾವಾಗಿ ಬಿಡಿಸಿಕೊಳ್ಳುತ್ತವೆ. ಗುಂಡಿಯ ಸಂಪರ್ಕಗಳು ಕಿಲುಬು ಹಿಡಿದಿದ್ದರೆ ಒತ್ತಿದಾಗ ಹರಿಯುವ ಕರೆಂಟು ಕಡ್ಡಿಯನ್ನು ಪೂರ್ತಿ ಸೆಳೆಯಲು ಸಾಲದು. ನಮ್ಮ ಕರೆಂಟಿನ ಆವರ್ತನ 50 ಹರ್ಟ್ಸ್ ಆದ್ದರಿಂದ ಸೆಳೆತ ಸೆಕೆಂಡಿಗೆ ನೂರು ಸಲ ಏರಿಳಿಯುತ್ತದೆ, ಕಡ್ಡಿ ಇದ್ದಲ್ಲೇ ನಡುಗುತ್ತದೆ. ‘ಗುಂಯ್’ ಎಂಬುದು ಆ ನಡುಕದ ಸದ್ದು. ಹಕ್ಕಿ ಕೂಗುವ ಇಲೆಕ್ಟ್ರಾನಿಕ್ ಬೆಲ್‌ಗೆ ಬೇಕಾದ ಕರೆಂಟು ಅತ್ಯಲ್ಪ. ಒದ್ದೆ ಮಣ್ಣಿನ ಮೂಲಕ ಸೋರಿ ಬಂದದ್ದೇ ಅದಕ್ಕೆ ಸಾಕಾಗಬಹುದು. ಅಕ್ಕಪಕ್ಕ ಉದ್ದಕ್ಕೂ ಮಲಗಿರುವ ಎರಡು ತಂತಿಗಳ ನಡುವೆ ಕೆಪಾಸಿಟರ್‌ನಂತೆ ಒಂದಿಷ್ಟು ಕರೆಂಟು ದಾಟುವುದೂ ಇದೆ, ಗೇಟು ದೂರವಾದಷ್ಟೂ ಅದು ಹೆಚ್ಚು. ಇನ್ನು ಇಎಲ್‌ಸಿಬಿ. ಈಗ ಬೋರ್ಡುಗಳಲ್ಲಿ ಇರುವುದು ಹೆಚ್ಚಾಗಿ ಆರ್‌ಸಿಸಿಬಿ, ಹಳೆಯ ಹೆಸರು ಮಾತ್ರ ಬಾಯಲ್ಲಿ ಉಳಿದಿದೆ. ಹೊರಗೆ ಹೋದ ಕರೆಂಟು ಅಷ್ಟೇ ಪ್ರಮಾಣದಲ್ಲಿ ಹಿಂದೆ ಬಂತೇ ಎಂದು ಅದು ಸದಾ ತೂಗುತ್ತಿರುತ್ತದೆ. ಮನೆಗಳಲ್ಲಿ ಬಳಸುವ ಬಗೆಯದಾದರೆ 30 ಮಿಲಿಆಂಪಿಯರ್‌ನಷ್ಟು ವ್ಯತ್ಯಾಸಕ್ಕೆ ಬೀಳುತ್ತದೆ. ನೆಲದಡಿಯ ಪೈಪಿನಲ್ಲಿ ನೀರು ನಿಂತು, ಟೇಪ್ ಸುತ್ತಿದ ಜಾಯಿಂಟ್ ನೆನೆದರೆ ಅಷ್ಟು ಸೋರಿಕೆ ದೊಡ್ಡ ಮಾತಲ್ಲ. ಬಿದ್ದ ಇಎಲ್‌ಸಿಬಿಯನ್ನು ಬೈಯುವುದು ಬೇಡ, ಅದು ತನ್ನ ಕೆಲಸ ಮಾಡಿದೆ. ಅದನ್ನು ಬೈಪಾಸ್ ಮಾಡಿಸುವವರಿದ್ದಾರೆ. ಒದ್ದೆ ಬೆರಳಿನಿಂದ ಗುಂಡಿ ಒತ್ತುವ ಅಂಚೆಯವನೋ ಪಕ್ಕದ ಮನೆಯ ಮಗುವೋ ಅದರ ಬೆಲೆ ತೆರಬೇಕಾದೀತು.

ಗಾಳಿಯಲ್ಲಿ ಹೋಗುವುದೇನು

ಇಲ್ಲಿ ಸಿಗುವ ಅಗ್ಗದ ವಯರ್‌ಲೆಸ್ ಬೆಲ್‌ಗಳು ಬಹುಪಾಲು 433.92 ಮೆಗಾಹರ್ಟ್ಸ್‌ನಲ್ಲಿ ಮಾತನಾಡುತ್ತವೆ. ಕಡಿಮೆ ಶಕ್ತಿಯ ಸಾಧನಗಳಿಗೆ ಭಾರತದಲ್ಲಿ ಲೈಸೆನ್ಸ್ ಬೇಡದ ಆವರ್ತನ ಪಟ್ಟಿಗಳಲ್ಲಿ ಇದೂ ಒಂದು. 865ರಿಂದ 868 ಮೆಗಾಹರ್ಟ್ಸ್ ಮತ್ತು ವೈಫೈ ಇರುವ 2.4 ಗಿಗಾಹರ್ಟ್ಸ್ ಇನ್ನೆರಡು. ಗುಂಡಿ ಒತ್ತಿದಾಗ ಒಳಗಿನ ಸಣ್ಣ ಚಿಪ್ ರೇಡಿಯೋ ಅಲೆಯನ್ನು ಹೊತ್ತಿಸಿ ಆರಿಸಿ, ಹೊತ್ತಿಸಿ ಆರಿಸಿ ಒಂದು ಸಂಕೇತ ಕಳಿಸುತ್ತದೆ. ಈಗ ಹೆಚ್ಚಾಗಿ ಕಾಣುವ ಇವಿ1527 ಬಗೆಯ ಚಿಪ್‌ನಲ್ಲಿ ಸಂಕೇತ 24 ಬಿಟ್‌ನದು. ಅದರಲ್ಲಿ 20 ಬಿಟ್ ಆ ಗುಂಡಿಯ ಗುರುತು, ಉಳಿದ 4 ಬಿಟ್ ಯಾವ ಗುಂಡಿ ಒತ್ತಿದ್ದೆಂಬ ಮಾಹಿತಿ. 20 ಬಿಟ್‌ಗೆ 10,48,576 ಬೇರೆ ಬೇರೆ ಗುರುತುಗಳು ಸಾಧ್ಯ. ತುಂಬಿದ ಸಂತೆಯಲ್ಲಿ ಮನೆತನದ ಹೆಸರು ಹಿಡಿದು ಕೂಗಿದರೆ ಆ ಮನೆಯವನೊಬ್ಬನೇ ತಿರುಗಿ ನೋಡುವ ಹಾಗೆ, ತನಗೆ ಕಲಿಸಿದ ಗುರುತು ಕೇಳಿದ ರಿಸೀವರ್ ಮಾತ್ರ ಓಗೊಡುತ್ತದೆ. ಗದ್ದಲದಲ್ಲಿ ಒಮ್ಮೆ ಕೇಳಿಸದಿದ್ದರೆ ಎಂದು ಗುಂಡಿ ಅದೇ ಸಂಕೇತವನ್ನು ಮತ್ತೆ ಮತ್ತೆ ಹೇಳುತ್ತದೆ.

ಪಕ್ಕದ ಮನೆಯ ಗುಂಡಿಗೆ ನಮ್ಮ ಬೆಲ್ ಕೂಗುವ ಕಥೆ ಬರುವುದು ಹಳೆಯ ಬಗೆಯ ಚಿಪ್‌ಗಳಿಂದ. ಅವುಗಳಲ್ಲಿ ಎಂಟು ಕಾಲುಗಳಿದ್ದು ಪ್ರತಿಯೊಂದನ್ನೂ ಮೂರು ಸ್ಥಿತಿಗಳಲ್ಲಿ ಇಡಬಹುದು. ಒಟ್ಟು ಗುರುತು 6,561. ಅದೂ ಸಾಕಿತ್ತು, ಆದರೆ ಎಂಟೂ ಕಾಲುಗಳನ್ನು ಯಾವುದಕ್ಕೂ ಜೋಡಿಸದೆ ಹಾಗೆಯೇ ಬಿಟ್ಟ ಸೆಟ್‌ಗಳು ಮಾರುಕಟ್ಟೆಗೆ ಬಂದುಬಿಡುತ್ತವೆ. ಕದ್ರಿಯಲ್ಲೋ ಮಣಿಪಾಲದಲ್ಲೋ ಒಂದೇ ಫ್ಲ್ಯಾಟ್‌ ಸಮುಚ್ಚಯದ ಎರಡು ಮನೆಯವರು ಒಂದೇ ಅಂಗಡಿಯಿಂದ ಅಂಥ ಸೆಟ್ ತಂದರೆ ಮುಗಿಯಿತು. ಕೊಳ್ಳುವಾಗ ‘ಕೋಡ್ ಕಲಿಯುವ’ ಬಗೆಯದನ್ನೇ ಕೇಳಿ.

ಪೆಟ್ಟಿಗೆಯ ಮೇಲೆ ಬರೆದಿರುವ ‘100 ಮೀಟರ್’ ಬಯಲಿನ ಲೆಕ್ಕ, ನಡುವೆ ಏನೂ ಇಲ್ಲದಿದ್ದರೆ ಮಾತ್ರ. ದೂರ ಇಮ್ಮಡಿಯಾದರೆ ಬಯಲಿನಲ್ಲೂ ಸಿಗುವ ಶಕ್ತಿ ಕಾಲುಭಾಗಕ್ಕೆ ಇಳಿಯುತ್ತದೆ. ನಮ್ಮಲ್ಲಿ ನಡುವೆ ಗೋಡೆಗಳಿವೆ, ಅದೂ ದಪ್ಪ ಕೆಂಪುಕಲ್ಲಿನವು. ಮಳೆಹನಿಗಳು ಈ ಆವರ್ತನದ ಅಲೆಯನ್ನು ತಡೆಯುವುದಿಲ್ಲ ಎನ್ನಬಹುದು, ಆದರೆ ನೀರು ಕುಡಿದ ಗೋಡೆ ತಡೆಯುತ್ತದೆ. ಒದ್ದೆ ಎಲೆಗಳ ದಟ್ಟ ತೋಟವೂ ಒಂದಿಷ್ಟು ನುಂಗುತ್ತದೆ. ಹಾಗಾಗಿ ಮಾರ್ಚ್‌ನ ಒಣ ಹವೆಯಲ್ಲಿ ಅಂಚಿನಲ್ಲಿ ಕೆಲಸ ಮಾಡುವ ಬೆಲ್ ಜುಲೈಯಲ್ಲಿ ಕೈಕೊಡುತ್ತದೆ. ಬೇಸಗೆಯಲ್ಲಿ ಹಾಕಿಸುವುದಾದರೆ ಗೇಟಿನಿಂದ ಹೊರಗೆ ರಸ್ತೆಗೆ ಇಳಿದು, ಮನೆಯಿಂದ ಗೇಟಿಗಿರುವಷ್ಟೇ ದೂರ ಇನ್ನೂ ನಡೆದು ಒತ್ತಿ ನೋಡಿ. ಅಲ್ಲಿಂದಲೂ ಕೇಳಿಸಿದರೆ ಮಳೆಗಾಲಕ್ಕೆ ಭಯವಿಲ್ಲ.

ಕರಾವಳಿಯ ಮನೆಯ ಇನ್ನೊಂದು ವಿಶೇಷ ಸಿಟೌಟಿನ, ಅಂದರೆ ಮುಂಭಾಗದ ಜಗಲಿಯ, ಕಬ್ಬಿಣದ ಗ್ರಿಲ್. ಗಾಳಿ ಆಡುತ್ತದೆ, ಬೆಳಕು ಬರುತ್ತದೆ, ರೇಡಿಯೋ ಅಲೆಗೂ ತೊಂದರೆಯಿಲ್ಲ ಎಂದು ಕಾಣುತ್ತದೆ. ವಿಷಯ ಹಾಗಿಲ್ಲ. 433 ಮೆಗಾಹರ್ಟ್ಸ್ ಅಲೆಯ ಉದ್ದ ಸುಮಾರು 69 ಸೆಂಟಿಮೀಟರ್. ಅಂಗೈ ಅಗಲದ ಕಂಡಿಗಳಿರುವ ಲೋಹದ ಜಾಲಿ ಅಂಥ ಉದ್ದದ ಅಲೆಯ ಬಹುಭಾಗವನ್ನು ಹಿಂದಕ್ಕೆ ತಿರುಗಿಸುತ್ತದೆ. ರಿಸೀವರನ್ನು ಗ್ರಿಲ್‌ನ ನೇರ ಹಿಂದೆ ಇಡುವುದಕ್ಕಿಂತ ಪಕ್ಕದ ಕೋಣೆಯ ಗೋಡೆಗೆ ಇಟ್ಟಾಗ ಚೆನ್ನಾಗಿ ಕೇಳಿಸುವುದಕ್ಕೆ ಇದೇ ಕಾರಣವಿರಬಹುದು. ತಾರಸಿಯ ಮೇಲೆ ಮಳೆಗೆಂದು ಹೊದಿಸಿದ ತಗಡಿನ ಶೀಟೂ ಇದೇ ಜಾತಿ. ಹಂಚಿನ ಮಾಡಿಗೆ ಈ ದೋಷವಿಲ್ಲ, ಸುಟ್ಟ ಮಣ್ಣು ಅಲೆಯನ್ನು ಸಲೀಸಾಗಿ ಬಿಡುತ್ತದೆ.

ಮೂರು ದಾರಿ

ಮೊದಲನೆಯದು ಅಂಗಡಿಯವರು ಹೇಳುವ ದಾರಿ: ಹೊಸ ಸೆಟ್ ತಂದು ರಿಸೀವರನ್ನು ಪ್ಲಗ್‌ಗೆ ಚುಚ್ಚಿ, ಗುಂಡಿಯನ್ನು ಗೇಟಿಗೆ ಅಂಟಿಸುವುದು. ವಯರ್‌ಮನ್ ಬೇಕಿಲ್ಲ. ಬಾಡಿಗೆ ಮನೆಯವರಿಗೆ ಇದೇ ಸರಿ. ಎರಡು ರಿಸೀವರ್ ಇರುವ ಸೆಟ್ ತಂದು ಒಂದನ್ನು ಹಿಂದಿನ ಅಡುಗೆಮನೆಯಲ್ಲಿ ಹಾಕಿದರೆ ಕೆಲಸದ ನಡುವೆಯೂ ಕೇಳಿಸುತ್ತದೆ. ಧ್ವನಿಯ ಬಗ್ಗೆ ಮಾತ್ರ ನನ್ನದೊಂದು ತಕರಾರು. ಮೂವತ್ತೋ ಐವತ್ತೋ ರಾಗಗಳಿವೆ ಎಂದು ಹೊಗಳುವ ಈ ಪೆಟ್ಟಿಗೆಗಳಲ್ಲಿ ಒಂದಾದರೂ ಹಿತ್ತಾಳೆ ಪಟ್ಟಿಗೆ ಕಡ್ಡಿ ಬಡಿದ ಸದ್ದಿಗೆ ಸಮನಾದದ್ದಿಲ್ಲ.

ಎರಡನೆಯದು ಹಳೆಯ ಬೆಲ್ ಉಳಿಸಿಕೊಂಡು ಗೇಟಿನ ತಂತಿಯನ್ನಷ್ಟೇ ತೆಗೆದುಹಾಕುವ ದಾರಿ. ಇದಕ್ಕೆ ಬೇಕಾದದ್ದು 230 ವೋಲ್ಟ್‌ನಲ್ಲಿ ಓಡುವ ಒಂದು ಸಣ್ಣ ರಿಮೋಟ್ ರಿಲೇ ರಿಸೀವರ್ ಮತ್ತು ಅದಕ್ಕೆ ಹೊಂದುವ ಗುಂಡಿ. ನೀರಿನ ಪಂಪು, ಗೇಟಿನ ದೀಪಗಳನ್ನು ರಿಮೋಟಿನಿಂದ ಹಾಕಲು ಬಳಸುವ ಪೆಟ್ಟಿಗೆಯೇ ಇದು. ಗೇಟಿನ ಗುಂಡಿಯಿಂದ ಸಂಕೇತ ಬಂದರೆ ಒಳಗಿನ ರಿಲೇ, ಅಂದರೆ ಕರೆಂಟಿನಿಂದಲೇ ತೆರೆದು ಮುಚ್ಚುವ ಸ್ವಿಚ್, ‘ಟಿಕ್’ ಎಂದು ಮುಚ್ಚಿಕೊಂಡು, ಹಿಂದೆ ಗೇಟಿನ ಗುಂಡಿ ಮಾಡುತ್ತಿದ್ದ ಕೆಲಸವನ್ನು ಮನೆಯೊಳಗಿನ ಒಣ ಜಾಗದಲ್ಲೇ ಮಾಡುತ್ತದೆ. 230 ವೋಲ್ಟ್ ಹೊಸ್ತಿಲು ದಾಟುವುದಿಲ್ಲ.

ಜೋಡಣೆಯ ಕೀಲು ಇರುವುದು ಗೇಟಿನ ಕೇಬಲ್ ಮನೆಯಿಂದ ಹೊರಬೀಳುವ ಜಂಕ್ಷನ್ ಬಾಕ್ಸ್‌ನಲ್ಲಿ. ಸಾಮಾನ್ಯವಾಗಿ ಅದು ಸಿಟೌಟಿನ ಗೋಡೆಯ ಮೇಲ್ಭಾಗದಲ್ಲಿರುತ್ತದೆ. ಮೈನ್ ಇಳಿಸಿ, ಟೆಸ್ಟರ್‌ನಿಂದ ಖಚಿತಪಡಿಸಿಕೊಂಡ ಮೇಲೆ ಗೇಟಿನ ಎರಡೂ ಎಳೆಗಳನ್ನು ಅಲ್ಲಿಂದ ಬಿಡಿಸಬೇಕು. ಎರಡನ್ನೂ, ಒಂದನ್ನಲ್ಲ. ಬಿಡಿಸಿದ ಮೇಲೆ ಬಾಕ್ಸ್‌ನಲ್ಲಿ ಉಳಿಯುವುದು ಬೋರ್ಡಿನಿಂದ ಬಂದ ಫೇಸ್ ಮತ್ತು ಬೆಲ್‌ಗೆ ಹೋಗುವ ತಂತಿ. ರಿಸೀವರ್ ಓಡಲು ನ್ಯೂಟ್ರಲ್ ಕೂಡ ಬೇಕು, ಆದರೆ ಈ ಬಾಕ್ಸ್‌ನಲ್ಲಿ ಅದು ಹೆಚ್ಚಾಗಿ ಇರುವುದಿಲ್ಲ. ಇಲ್ಲೇ ಹಲವರು ಸಿಕ್ಕಿಹಾಕಿಕೊಳ್ಳುತ್ತಾರೆ, ಗೋಡೆ ಕೊರೆದು ಹೊಸ ತಂತಿ ಎಳೆಯುವ ಮಾತು ಶುರುವಾಗುತ್ತದೆ. ಅದರ ಅಗತ್ಯವಿಲ್ಲ. ಬಾಕ್ಸ್‌ನೊಳಗೆ ಆ ಫೇಸನ್ನು ಬೆಲ್‌ನ ತಂತಿಗೆ ಕನೆಕ್ಟರ್‌ನಿಂದ ಜೋಡಿಸಿಬಿಟ್ಟರೆ, ಬೆಲ್ ಇರುವ ಜಾಗಕ್ಕೆ ಈಗ ಸದಾಕಾಲ ಫೇಸ್ ಬರುತ್ತದೆ. ನ್ಯೂಟ್ರಲ್ ಅಲ್ಲಿ ಮೊದಲೇ ಇದೆ. ರಿಸೀವರನ್ನು ಬೆಲ್‌ನ ಪಕ್ಕದಲ್ಲೇ ಕೂರಿಸಿ, ಬಂದ ಎರಡು ತಂತಿಗಳನ್ನು ಅದರ ಇನ್‌ಪುಟ್‌ಗೆ, ಅದರ ಔಟ್‌ಪುಟ್‌ನಿಂದ ಎರಡು ತಂತಿಗಳನ್ನು ಬೆಲ್‌ಗೆ ಕೊಟ್ಟರೆ ಆಯಿತು.

ಇದೇ ಜೋಡಣೆಯನ್ನು ಗೇಟಿನ ಗುಂಡಿಯ ಬಾಕ್ಸ್‌ನಲ್ಲಿ ಮಾಡಿದರೂ ಬೆಲ್‌ಗೆ ಫೇಸ್ ಸಿಗುತ್ತದೆ, ಏಣಿ ಹತ್ತುವ ಕಷ್ಟವೂ ತಪ್ಪುತ್ತದೆ. ಕೆಲವರು ಹಾಗೆ ಮಾಡುವುದುಂಟು. ದಯವಿಟ್ಟು ಬೇಡ. ಆಗ ನೆಲದಡಿಯ ಅದೇ ಒದ್ದೆ ಕೇಬಲ್ ಹಗಲಿರುಳು 230 ವೋಲ್ಟ್ ಹೊತ್ತುಕೊಂಡೇ ಇರುತ್ತದೆ, ವಯರ್‌ಲೆಸ್ ಮಾಡಿದ ಉದ್ದೇಶವೇ ಮಣ್ಣುಪಾಲು.

ರಿಲೇಯ ಟರ್ಮಿನಲ್‌ಗಳ ಬಗ್ಗೆ ಒಂದು ಮಾತು. ಕೆಲವು ರಿಸೀವರ್‌ಗಳ ಔಟ್‌ಪುಟ್‌ನಲ್ಲಿ ನೇರವಾಗಿ 230 ವೋಲ್ಟ್ ಬರುತ್ತದೆ. ಇನ್ನು ಕೆಲವುಗಳಲ್ಲಿ ಬರಿಯ ಸ್ವಿಚ್‌ನಂತೆ ಕಾಮನ್, ಎನ್‌ಓ (ಸಾಮಾನ್ಯವಾಗಿ ತೆರೆದಿರುವುದು), ಎನ್‌ಸಿ (ಸಾಮಾನ್ಯವಾಗಿ ಮುಚ್ಚಿರುವುದು) ಎಂದು ಮೂರು ಕಾಲುಗಳಿರುತ್ತವೆ. ಎರಡನೆಯ ಬಗೆಯಾದರೆ ಫೇಸನ್ನು ಕಾಮನ್‌ಗೂ ಕೊಟ್ಟು, ಬೆಲ್‌ಗೆ ಎನ್‌ಓದಿಂದ ತಂತಿ ಎಳೆಯಬೇಕು. ಎನ್‌ಸಿಗೆ ಕೊಟ್ಟರೆ ಯಾರೂ ಒತ್ತದಿದ್ದಾಗ ಬೆಲ್‌ಗೆ ಕರೆಂಟು, ಒತ್ತಿದಾಗ ಇಲ್ಲ. ಸುರುಳಿ ಸುಡುವುದಕ್ಕೆ ಬೇರೆ ಉಪಾಯ ಬೇಡ.

ಸುರುಳಿ ಸುಡುವ ಇನ್ನೊಂದು ದಾರಿ ರಿಸೀವರ್‌ನ ‘ಮೋಡ್’. ಮೊಮೆಂಟರಿ ಎಂಬ ಮೋಡ್‌ನಲ್ಲಿ ಸಂಕೇತ ಬರುತ್ತಿರುವಷ್ಟು ಹೊತ್ತು ಮಾತ್ರ ರಿಲೇ ಮುಚ್ಚಿರುತ್ತದೆ. ಟಾಗಲ್‌ನಲ್ಲಿ ಒಮ್ಮೆ ಒತ್ತಿದರೆ ಮುಚ್ಚಿ, ಮತ್ತೊಮ್ಮೆ ಒತ್ತಿದರೆ ತೆರೆಯುತ್ತದೆ. ದೀಪಕ್ಕೆ ಅದು ಸರಿ. ಬೆಲ್‌ಗೆ ಹಾಕಿದರೆ ಬಂದವರು ಒಮ್ಮೆ ಒತ್ತಿ, ‘ಡಿಂಗ್’ ಕೇಳಿ, ಸುಮ್ಮನೆ ಕಾಯುತ್ತಾರೆ. ಅಷ್ಟು ಹೊತ್ತೂ ಸುರುಳಿ ಕಾಯುತ್ತಿರುತ್ತದೆ, ಬೇರೆ ಅರ್ಥದಲ್ಲಿ. ಹಲವು ಮಾಡ್ಯೂಲ್‌ಗಳಲ್ಲಿ ಕಲಿಕೆಯ ಗುಂಡಿಯನ್ನು ಒಂದು ಸಲ ಒತ್ತಿದರೆ ಮೊಮೆಂಟರಿ, ಎರಡು ಸಲ ಒತ್ತಿದರೆ ಟಾಗಲ್. ಎಲ್ಲದರಲ್ಲೂ ಹೀಗೆಯೇ ಎಂದಿಲ್ಲ, ಜತೆಗೆ ಬಂದ ಚೀಟಿ ಓದಿ. ಅರ್ಧ ಸೆಕೆಂಡೋ ಒಂದು ಸೆಕೆಂಡೋ ಮುಚ್ಚಿ ತಾನಾಗಿ ತೆರೆದುಕೊಳ್ಳುವ ‘ಇಂಚಿಂಗ್’ ಮೋಡ್ ಸಿಕ್ಕರೆ ಅದು ಎಲ್ಲಕ್ಕಿಂತ ಉತ್ತಮ. ಮಗು ಗುಂಡಿಗೆ ಜೋತುಬಿದ್ದರೂ ಸುರುಳಿಗೆ ಏನೂ ಆಗುವುದಿಲ್ಲ, ‘ಡಾಂಗ್’ ಕೂಡ ತಪ್ಪುವುದಿಲ್ಲ.

ರಿಸೀವರ್‌ನಿಂದ ಹೊರಬಂದ ಸಣ್ಣ ತಂತಿ ಏರಿಯಲ್. 433 ಮೆಗಾಹರ್ಟ್ಸ್‌ಗೆ ಅಲೆಯ ಕಾಲುಭಾಗದ ಉದ್ದ, ಅಂದರೆ ಸುಮಾರು 17 ಸೆಂಟಿಮೀಟರ್, ನೇರವಾಗಿ ಚಾಚಿದ್ದರೆ ಚೆನ್ನಾಗಿ ಕೇಳಿಸುತ್ತದೆ. ಅಂದವಾಗಿ ಕಾಣಲೆಂದು ಸುತ್ತಿ ಕಬ್ಬಿಣದ ಬಾಕ್ಸ್‌ನೊಳಗೆ ತುರುಕಿದರೆ ಅದು ಕಿವುಡಾಗುತ್ತದೆ. ಪ್ಲಾಸ್ಟಿಕ್ ಬಾಕ್ಸ್ ಬಳಸಿ. ಅಗ್ಗದ ರಿಸೀವರ್‌ಗಳಲ್ಲಿ ಟ್ರಾನ್ಸ್‌ಫಾರ್ಮರ್ ಇಲ್ಲದೆ ಕೆಪಾಸಿಟರ್‌ನಿಂದಲೇ ವೋಲ್ಟೇಜ್ ಇಳಿಸಿರುತ್ತಾರೆ. ಅಂಥವುಗಳಲ್ಲಿ ಏರಿಯಲ್ ತಂತಿಯಲ್ಲೂ ಶಾಕ್ ಹೊಡೆಯುವಷ್ಟು ಕರೆಂಟಿರಬಹುದು. ಆದ್ದರಿಂದ ಅದರ ತುದಿಯನ್ನು ಬರಿದಾಗಿ ಬಿಡಬಾರದು, ಕೈಗೆ ಸಿಗುವಂತೆ ನೇತುಹಾಕಲೂ ಬಾರದು. ರಿಲೇ ತೆರೆಯುವಾಗ ಸುರುಳಿಯಿಂದ ಕಿಡಿ ಹಾರಿ ರಿಸೀವರ್ ಗಲಿಬಿಲಿಗೊಳ್ಳುವುದುಂಟು. ಬೆಲ್ ತಾನಾಗಿ ಎರಡೆರಡು ಸಲ ಬಡಿಯತೊಡಗಿದರೆ ವಯರ್‌ಮನ್‌ಗೆ ಹೇಳಿ ಸಂಪರ್ಕಕ್ಕೆ ಅಡ್ಡಲಾಗಿ ಕಿಡಿ ತಣಿಸುವ ಒಂದು ಸ್ನಬ್ಬರ್ ಹಾಕಿಸಿದರೆ ಶಾಂತವಾಗುತ್ತದೆ. ಮೇಲಿನ ಅಷ್ಟೂ ವಿವರಣೆ ಕೆಲಸ ಅರ್ಥವಾಗಲೆಂದು. 230 ವೋಲ್ಟ್‌ಗೆ ಕೈಹಾಕುವುದು ಪರವಾನಗಿ ಇರುವವರ ಕೆಲಸ.

ಮೂರನೆಯ ದಾರಿ ತಿರುವುಮುರುವು: ಗುಂಡಿ, ತಂತಿ, ಬೆಲ್ ಎಲ್ಲವೂ ಸರಿಯಿವೆ, ಆದರೆ ಹಿಂದಿನ ಕೋಣೆಯಲ್ಲಿ ಮಲಗಿರುವ ಹಿರಿಯರಿಗೆ ಕೇಳಿಸುವುದಿಲ್ಲ. ಆಗ ಬೆಲ್‌ಗೆ ಸಮಾನಾಂತರವಾಗಿ 230 ವೋಲ್ಟ್ ಸುರುಳಿಯ ಒಂದು ರಿಲೇ ಹಾಕಿ, ಅದರ ಸಂಪರ್ಕದಿಂದ ವಯರ್‌ಲೆಸ್ ಗುಂಡಿಯೊಂದು ಒತ್ತಿದಂತಾಗುವ ಹಾಗೆ ಮಾಡಿದರೆ ಎರಡೂ ಕಡೆ ಸದ್ದು ಬರುತ್ತದೆ. ಬ್ಯಾಟರಿಯ ಗುಂಡಿಗೆ ನೇರವಾಗಿ 230 ವೋಲ್ಟ್ ಮುಟ್ಟಿಸಿದರೆ ಬರುವುದು ಬೇರೆಯೇ ಸದ್ದು.

ಕಂಬದ ಯಾವ ಮುಖ

ಗೇಟಿನಲ್ಲಿ ಉಳಿಯುವುದು ಬ್ಯಾಟರಿಯ ಗುಂಡಿ ಮಾತ್ರ. ಅದಕ್ಕೆ ಶಾಕ್ ಹೊಡೆಯುವ ತಾಕತ್ತಿಲ್ಲ, ಆದರೆ ನೆನೆದರೆ ಅದೂ ಸಾಯುತ್ತದೆ. ನಮ್ಮ ಮಳೆ ಕಡಲ ಕಡೆಯಿಂದ, ನೈಋತ್ಯದಿಂದ ಓರೆಯಾಗಿ ಹೊಡೆಯುತ್ತದೆ. ಕಂಬದ ಪೂರ್ವ ಅಥವಾ ಉತ್ತರ ಮುಖದಲ್ಲಿ ಗುಂಡಿ ಇದ್ದರೆ ಅರ್ಧ ಗೆದ್ದಂತೆ. ಗೇಟು ಪಶ್ಚಿಮಕ್ಕೇ ಇದ್ದರೆ ಕಂಬದ ಒಳಬದಿಗೆ, ಕೈ ತಿರುಗಿಸಿ ಒತ್ತುವಂತೆ ಹಾಕಬಹುದು, ಇಲ್ಲವೇ ಮೇಲೊಂದು ಪುಟ್ಟ ಸೂರು ಕೊಡಬಹುದು. ಕಬ್ಬಿಣದ ಗೇಟಿಗೆ ಮಾತ್ರ ಅಂಟಿಸಬೇಡಿ. ಬೆನ್ನಿಗೇ ಲೋಹವಿದ್ದರೆ ಒಳಗಿನ ಏರಿಯಲ್‌ನ ಶ್ರುತಿ ಕೆಟ್ಟು ದೂರ ಕುಗ್ಗುತ್ತದೆ. ಬೇರೆ ಜಾಗವೇ ಇಲ್ಲದಿದ್ದರೆ ನಡುವೆ ಒಂದೆರಡು ಇಂಚು ದಪ್ಪದ ಮರದ ತುಂಡೋ ಪಿವಿಸಿಯೋ ಇರಲಿ. ಸುತ್ತ ಸಿಲಿಕಾನ್ ಬಳಿಯುವವರು ಮೇಲೆ ಮತ್ತು ಎರಡು ಬದಿಗೆ ಬಳಿದು ಕೆಳಗಡೆ ಬಿಡಬೇಕು. ಒಳಗೆ ಕೂಡುವ ತೇವ ಇಳಿದುಹೋಗಲು ದಾರಿ ಬೇಕಲ್ಲ. ಬ್ಯಾಟರಿಯ ತಗಡಿಗೆ ತೆಂಗಿನೆಣ್ಣೆ ಹಚ್ಚುವ ಅಭ್ಯಾಸವನ್ನೂ ಕೈಬಿಡುವುದು ಒಳ್ಳೆಯದು, ಇರುವೆಗಳಿಗೆ ಅದೊಂದು ಆಮಂತ್ರಣ.

ಗುಂಡಿಯಲ್ಲಿ ಇರುವುದು ಸಾಮಾನ್ಯವಾಗಿ 23ಎ ಎಂಬ 12 ವೋಲ್ಟ್‌ನ ಗಿಡ್ಡ ಬ್ಯಾಟರಿ ಅಥವಾ ಸಿಆರ್2032 ಎಂಬ 3 ವೋಲ್ಟ್‌ನ ಬಿಲ್ಲೆ. ಒತ್ತಿದಾಗ ಮಾತ್ರ ಖರ್ಚಾಗುವುದರಿಂದ ಬಹಳ ಕಾಲ ಬಾಳುತ್ತವೆ. ಗುಂಡಿಯ ಕೆಂಪು ದೀಪ ಹೊತ್ತಿದರೆ ಬ್ಯಾಟರಿ ಸರಿಯಿದೆ ಎಂದಲ್ಲ. ದೀಪಕ್ಕೆ ಸಾಕಾಗುವ ವೋಲ್ಟೇಜ್‌ನಲ್ಲಿ ಅಲೆ ಮನೆಯವರೆಗೆ ತಲುಪದಿರಬಹುದು. ಬ್ಯಾಟರಿಯೇ ಇಲ್ಲದ ಕೈನೆಟಿಕ್ ಗುಂಡಿಗಳೂ ಈಗ ಸಿಗುತ್ತವೆ. ಒತ್ತುವ ಬಲದಿಂದ ಒಳಗಿನ ಅಯಸ್ಕಾಂತ ಚಲಿಸಿ, ಒಂದು ಸಂಕೇತ ಕಳಿಸುವಷ್ಟು ವಿದ್ಯುತ್ತನ್ನು ಸ್ಥಳದಲ್ಲೇ ಹುಟ್ಟಿಸುತ್ತದೆ. ಸೋರುವ ಬ್ಯಾಟರಿ ಇಲ್ಲ, ಕಿಲುಬುವ ತಗಡಿಲ್ಲ. ನಮ್ಮ ಹವೆಗೆ ನಾನು ಆರಿಸುವುದು ಇದನ್ನೇ. ಮೆಲ್ಲನೆ ಒತ್ತುವವರಿಗೆ ಮಾತ್ರ ‘ಟಕ್’ ಎನ್ನುವವರೆಗೆ ಒತ್ತಬೇಕೆಂದು ಹೇಳಿಕೊಡಬೇಕಾಗುತ್ತದೆ, ರಿಸೀವರ್ ಕೂಡ ಅದೇ ಸೆಟ್ಟಿನದಾಗಿರಬೇಕು.

ಮಳೆಗಾಲದಲ್ಲಿ ಕರೆಂಟು ಹೋಗುವುದು ಹೊಸ ವಿಷಯವಲ್ಲ. ಬೆಲ್‌ನ ಲೈನನ್ನು ಇನ್ವರ್ಟರ್‌ಗೆ ಸೇರಿಸಿದರೆ ಆ ಚಿಂತೆಯಿಲ್ಲ. ರಿಸೀವರ್ ದಿನವಿಡೀ ಕಿವಿತೆರೆದು ಕೂತಿರಲು ಅರ್ಧ ವ್ಯಾಟ್ ತೆಗೆದುಕೊಂಡರೂ ವರ್ಷಕ್ಕೆ ಸುಮಾರು ನಾಲ್ಕೂವರೆ ಯುನಿಟ್ ಅಷ್ಟೇ. ಸಿಡಿಲಿನ ವಿಷಯಕ್ಕೆ ಬಂದರೆ, ಏಪ್ರಿಲ್–ಮೇ ಮತ್ತು ಅಕ್ಟೋಬರ್–ನವೆಂಬರ್‌ನ ಗುಡುಗುಮಳೆಯಲ್ಲಿ ಗೇಟಿನವರೆಗಿನ ಉದ್ದ ತಂತಿ ವೋಲ್ಟೇಜಿನ ಹೊಡೆತವನ್ನು ಮನೆಯೊಳಗೆ ತರುವ ದಾರಿಯಾಗಿತ್ತು. ಅದು ಮುಚ್ಚುತ್ತದೆ. ಆದರೂ ಟಿವಿಯ ಪ್ಲಗ್ ಕೀಳುವಾಗ ರಿಸೀವರ್‌ನ ಸ್ವಿಚ್ಚನ್ನೂ ತೆಗೆಯುವುದು ಒಳ್ಳೆಯದು, ಅದರೊಳಗಿನ ಇಲೆಕ್ಟ್ರಾನಿಕ್ಸ್ ಹಳೆಯ ಸುರುಳಿಯಷ್ಟು ಗಟ್ಟಿಗನಲ್ಲ.

ಹೊರದೇಶದಿಂದ ಬರುವವರ ಸೂಟ್‌ಕೇಸಿನಲ್ಲಿ ಈಚೆಗೆ ವಿಡಿಯೋ ಡೋರ್‌ಬೆಲ್‌ಗಳೂ ಬರುತ್ತಿವೆ. ಅಮೆರಿಕದ್ದಾದರೆ ತಂತಿಗೆ ಜೋಡಿಸುವ ಮೊದಲು ಅದರ ಬೆನ್ನು ನೋಡಿ. ಅಲ್ಲಿ ಬರೆದಿರುವುದು 16ರಿಂದ 24 ವೋಲ್ಟ್. ಹಳೆಯ ಬೆಲ್‌ನ ತಂತಿಗೆ ಸಿಕ್ಕಿಸಿದರೆ 230 ವೋಲ್ಟ್ ನುಗ್ಗಿ ಕ್ಷಣದಲ್ಲಿ ಹೊಗೆಯಾಗುತ್ತದೆ. ಸರಿಯಾದ ಟ್ರಾನ್ಸ್‌ಫಾರ್ಮರ್ ಹಾಕಿಸಿದರೂ ಗೇಟಿನಲ್ಲಿ ಮನೆಯ ವೈಫೈ ಸಿಗಬೇಕು, 2.4 ಗಿಗಾಹರ್ಟ್ಸ್‌ನ ಅಲೆಗೆ ಒದ್ದೆ ಕೆಂಪುಕಲ್ಲಿನ ಗೋಡೆ ಇನ್ನೂ ಕಷ್ಟದ್ದು. ಅಲ್ಲಿನ ವಯರ್‌ಲೆಸ್ ಸೆಟ್‌ಗಳಲ್ಲಿ ಕೆಲವು 902ರಿಂದ 928 ಮೆಗಾಹರ್ಟ್ಸ್‌ನವು. ನಮ್ಮಲ್ಲಿ ಆ ಪಟ್ಟಿಯ ಒಂದು ಭಾಗ ಮೊಬೈಲ್ ಸೇವೆಗೆ ಮೀಸಲು, ಮುಕ್ತ ಬಳಕೆಗೆ ಅಲ್ಲ. ಗಲ್ಫ್‌ನಿಂದ ಬಂದವುಗಳಿಗೆ ವೋಲ್ಟೇಜಿನ ತೊಂದರೆ ಸಾಮಾನ್ಯವಾಗಿ ಇಲ್ಲ, ಮೂರು ಚಪ್ಪಟೆ ಕಾಲಿನ ಪ್ಲಗ್‌ಗೆ ಅಡಾಪ್ಟರ್ ಬೇಕಾದೀತು, ಅಷ್ಟೆ.

ಬೆಲ್‌ಗೆ ಹಾಕಿದ ರಿಸೀವರ್‌ನಿಂದಲೇ ಗೇಟಿನ ಬೀಗವನ್ನೂ ತೆರೆಯಬಹುದಲ್ಲ ಎಂಬ ಆಸೆ ಕೆಲವರಿಗೆ ಹುಟ್ಟುತ್ತದೆ. ಬೆಲ್‌ನ ಸಂಕೇತ ಪ್ರತಿಸಲವೂ ಒಂದೇ. ಒಮ್ಮೆ ಕದ್ದು ಕೇಳಿ ಉಳಿಸಿಕೊಂಡ ಉಪಕರಣ ಅದನ್ನೇ ಮತ್ತೆ ಕೂಗಬಲ್ಲದು. ಬೆಲ್ ಬಾರಿಸಿ ಓಡಿಹೋಗುವ ತುಂಟತನಕ್ಕಿಂತ ಹೆಚ್ಚಿನ ನಷ್ಟ ಅದರಿಂದ ಬೆಲ್‌ಗೆ ಆಗದು, ಬೀಗಕ್ಕೆ ಆಗುತ್ತದೆ. ಬೀಗಕ್ಕೆ ಪ್ರತಿ ಸಲ ಬದಲಾಗುವ ರೋಲಿಂಗ್ ಕೋಡ್‌ನ ಬೇರೆ ಸಾಧನವೇ ಇರಲಿ.

ಕೊನೆಗೆ ಉಳಿಯುವುದು ಅಂಗಳದಡಿಯ ಸತ್ತ ಕೇಬಲ್. ಅದನ್ನು ಅಗೆದು ತೆಗೆಯಬೇಕಾಗಿಲ್ಲ. ಮನೆಯ ತುದಿಯಲ್ಲಿ ಎರಡೂ ಎಳೆಗಳನ್ನು ಕನೆಕ್ಟರ್‌ನಲ್ಲಿ ಮುಚ್ಚಿ, ‘ಗೇಟಿನ ಹಳೆಯ ತಂತಿ, ಜೋಡಿಸಬಾರದು’ ಎಂದು ಚೀಟಿ ಕಟ್ಟಿಸಿ. ಮುಂದೆ ಬರುವ ವಯರ್‌ಮನ್ ಬಿಡಿಯಾಗಿರುವ ಎರಡು ತುದಿ ಕಂಡು, ಪಾಪ ಬಿಟ್ಟುಹೋಗಿದೆ ಎಂದು ಜೋಡಿಸಿಬಿಡುವ ಸಂಭವ ಇದ್ದೇ ಇದೆ. ಗೇಟಿನ ತುದಿಯನ್ನೂ ಹಾಗೆಯೇ ಮುಚ್ಚಿ, ಹಳೆಯ ಗುಂಡಿಯನ್ನು ತೆಗೆದು ಖಾಲಿ ಪ್ಲೇಟ್ ಹಾಕಿಸಿ. ಇಲ್ಲದಿದ್ದರೆ ಬಂದವರೆಲ್ಲ ಅದನ್ನೇ ಒತ್ತುತ್ತಾ ನಿಲ್ಲುತ್ತಾರೆ. ಪೈಪ್ ಕುಸಿಯದೆ ಇದ್ದರೆ ಮುಂದೆಂದಾದರೂ ಗೇಟಿಗೆ ಕ್ಯಾಮರಾ ಹಾಕುವಾಗ ಹಳೆಯ ಕೇಬಲ್‌ನ ತುದಿಗೇ ಹೊರಾಂಗಣದ ನೆಟ್‌ವರ್ಕ್ ಕೇಬಲ್ ಕಟ್ಟಿ ಎಳೆದುಕೊಳ್ಳಬಹುದು.